ಓಗೊಟ್ಟ ಹಕ್ಕಿ

ನನ್ನನ್ನು ಮದುವೆಯಾಗಲು ಒಂದು ಹಕ್ಕಿ ಏಳು ಸಮುದ್ರ ದಾಟಿಕೊಂಡು ಬಂದಿತ್ತು. ಆಗ ನನಗೆ ಐವತ್ತೆಂಟು ತುಂಬಿತ್ತು, ಹಕ್ಕಿಗೆ ಆರೋ ಏಳೋ. ನನ್ನ ಹೆಂಡತಿ ಪಕ್ಕದಲ್ಲೇ ನಿಂತು ನೋಡಿ, ತಲೆಯಾಡಿಸಿ ಒಪ್ಪಿಗೆಯನ್ನೂ ಕೊಟ್ಟಳು. ನಂಬದವರು ನಂಬಬೇಡಿ. ನನ್ನ ಮಾತು ನಂಬದೆ ಕೆಟ್ಟವರು ಬೇಕಾದಷ್ಟು ಜನ ಇದ್ದಾರೆ, ನೀವೂ ಆ ಸಾಲಿಗೆ ಸೇರಿಕೊಳ್ಳಿ. ಬೇರೆಯವರು ಮಾತಿಗೆ ಕೂತರೆ ಕಾಗೆ ಹಾರಿಸುತ್ತಾರೆ. ನಾನು ಹಾರಿಸಿದ್ದು ಪೆಟ್ರೆಲ್.

ಪೆಟ್ರೆಲ್ ಎಂದರೆ ಪೆಟ್ರೋಲ್ ಅಲ್ಲ, ಪೆಟ್ರೋಲ್ ಇಲ್ಲದೆಯೇ ಭೂಮಿ ಸುತ್ತುವ ಕಡಲ ಹಕ್ಕಿ. ಅದರಲ್ಲೂ ಇದು ತೊಣಚಿ ಪೆಟ್ರೆಲ್. ತೊಣಚಿ ಕಡಿದ ಕರು ಬಾಲವೆತ್ತಿ ಅತ್ತ ಇತ್ತ ಹೊರಳಿ ಓಡುವುದಿಲ್ಲವೇ, ಈ ಹಕ್ಕಿ ಗಾಳಿಯಲ್ಲಿ ಓಡುವುದು ಹಾಗೆ. ಈಗ ಅಲೆಯ ನೆತ್ತಿ ಸವರುತ್ತಿದೆ ಎನ್ನುವಷ್ಟರಲ್ಲಿ ಮುಗಿಲಿಗೆ ಎದ್ದಿರುತ್ತದೆ, ಮುಗಿಲಲ್ಲಿ ಹುಡುಕಿದರೆ ಮತ್ತೆ ಓರೆಯಾಗಿ ಕೆಳಗಿಳಿದಿರುತ್ತದೆ. ರೆಕ್ಕೆ ಬಡಿಯುವುದೆಂದರೆ ಅದಕ್ಕೆ ಅವಮಾನ. ಗಾಳಿ ಹುಚ್ಚೆದ್ದಷ್ಟೂ ಅದಕ್ಕೆ ಸುಖ. ಹಡಗಿನವರು ದೇವರನ್ನು ಕರೆಯುವ ಹೊತ್ತಿಗೆ ಇದು ಊಟಕ್ಕೆ ಹೊರಟಿರುತ್ತದೆ. ಸಮುದ್ರದ ನೀರು ಕುಡಿದು ಉಪ್ಪನ್ನು ಮೂಗಿನಿಂದ ಚೆಲ್ಲುತ್ತದೆ. ಮೂಗೂ ನಮ್ಮ ನಿಮ್ಮಂಥದ್ದಲ್ಲ, ಕೊಕ್ಕಿನ ಮೇಲೆ ಕೂರಿಸಿದ ಪುಟ್ಟ ಕೊಳವೆ. ಮರಿ ಒಮ್ಮೆ ಹಾರಿಹೋಯಿತೆಂದರೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ. ಕೊನೆಗೆ ನೆಲಕ್ಕೆ ಬರುವುದು ಜೋಡಿ ಹುಡುಕಲು, ಬಿಲದೊಳಗೆ ಒಂದೇ ಒಂದು ಮೊಟ್ಟೆ ಇಡಲು. ಅದೂ ಕತ್ತಲಾದ ಮೇಲೆ, ಕಳ್ಳನ ಹಾಗೆ. ಆಕಾಶದಲ್ಲಿ ಅಷ್ಟೆಲ್ಲ ಠೀವಿ ತೋರಿಸುವ ಪ್ರಾಣಿ ನೆಲಕ್ಕಿಳಿದರೆ ನಡೆಯಲೂ ಬಾರದೆ ಎದೆಯ ಮೇಲೆ ತೆವಳುತ್ತದೆ. ಮನೆಯೊಳಗೆ ಬಂದ ಮೇಲೆ ತೆವಳುವ ಗಂಡುಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ.

ಇಂಥ ಹಕ್ಕಿ ನನ್ನ ಹತ್ತಿರ ಯಾಕೆ ಬಂತು ಎಂದರೆ ನನ್ನ ಕಸುಬಿನಿಂದ. ನನ್ನದು ಶಬ್ದದ ಕಸುಬು. ಸಿನಿಮಾದಲ್ಲಿ ನೀವು ಕೇಳುವ ಹೆಜ್ಜೆ, ಬಾಗಿಲು, ಬೆಂಕಿ, ಮುರಿಯುವ ಮೂಳೆ ಎಲ್ಲವನ್ನೂ ನನ್ನಂಥವನೊಬ್ಬ ಗೋಡೆಗೆಲ್ಲ ಕಂಬಳಿ ಹೊಡೆದ ಕೋಣೆಯಲ್ಲಿ ಕೂತು ಮಾಡಿರುತ್ತಾನೆ. ತೆಂಗಿನ ಕರಟ ಬಡಿದರೆ ಕುದುರೆ. ಹಸಿ ಮೂಲಂಗಿ ಮುರಿದರೆ ಖಳನಾಯಕನ ತೋಳು. ಹಳೆಯ ಚರ್ಮದ ಕೈಗವಸುಗಳನ್ನು ಒಂದಕ್ಕೊಂದು ಬಡಿದರೆ ಪಾರಿವಾಳದ ಹಿಂಡು. ತಗಡು ಅಲ್ಲಾಡಿಸಿದರೆ ಗುಡುಗು. ನನ್ನ ಗುಡುಗು ರೇಡಿಯೋದಲ್ಲಿ ಬಂದ ದಿನ ಊರಿಗೆ ಊರೇ ಒಣಹಾಕಿದ ಬಟ್ಟೆ ಒಳಗೆ ತಂದುಕೊಂಡಿತ್ತು, ಒಬ್ಬ ರೈತ ಬಿತ್ತನೆಯನ್ನೇ ಮುಗಿಸಿಬಿಟ್ಟಿದ್ದ. ಸ್ಟುಡಿಯೋದಲ್ಲಿ ನನಗೆ ತಗಡಣ್ಣ ಎಂದೇ ಹೆಸರು. ಗೌರವದಿಂದ ಇಟ್ಟದ್ದು ಎಂದು ನಾನು ಹೇಳುತ್ತೇನೆ. ಅಲ್ಲ ಎನ್ನುವವರೂ ಇದ್ದಾರೆ.

ನನ್ನ ಹೆಂಡತಿಯೂ ಅದೇ ಸ್ಟುಡಿಯೋದವಳು. ಅವಳದು ಮಕ್ಕಳ ಅಳು. ಹಸಿವಿನ ಅಳು ಬೇರೆ, ಹಲ್ಲು ಬರುವ ಅಳು ಬೇರೆ, ಎತ್ತಿಕೊಳ್ಳಲಿ ಎಂದು ಸುಮ್ಮನೆ ಅಳುವ ಅಳು ಬೇರೆ. ಅವಳು ಕಣ್ಣು ಮುಚ್ಚಿ ಇವನ್ನೆಲ್ಲ ಅತ್ತು, ಕಣ್ಣು ಬಿಟ್ಟು ನೀರು ಕುಡಿದು ಮನೆಗೆ ಬರುತ್ತಿದ್ದಳು. ಮಾತಾಡುವಾಗ ಮಾತ್ರ ಅವಳ ದನಿ ಕೊಂಚ ಗೊಗ್ಗರು. ಆ ಗೊಗ್ಗರು ದನಿಯಲ್ಲಿ ಅವಳು ಮಾಡುತ್ತಿದ್ದ ಮುಖ್ಯ ಕೆಲಸ ನನ್ನ ಮಾತಿನ ಗಾಳಿ ತೆಗೆಯುವುದು. ನಾನು ನೆಂಟರ ಮುಂದೆ ನೂರು ಎಂದರೆ ಅವಳು ಒಲೆಯ ಮುಂದಿನಿಂದ ತಲೆ ಎತ್ತದೆ “ಹತ್ತು” ಎನ್ನುತ್ತಿದ್ದಳು. ನಾನು ಹುಲಿ ಎಂದರೆ “ಬೆಕ್ಕು” ಎನ್ನುತ್ತಿದ್ದಳು. ನೆಂಟರು ನನ್ನ ಕಥೆಗಿಂತ ಹೆಚ್ಚಾಗಿ ಅವಳ ಆ ಒಂದು ಮಾತಿಗೆ ಕಾಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಇನ್ನಷ್ಟು ಉಬ್ಬಿಸುತ್ತಿದ್ದೆ.

ಹಕ್ಕಿಯ ಕೆಲಸ ತಂದವರು ಹಕ್ಕಿ ಡಾಕ್ಟರಮ್ಮ. ಕಾಯಿಲೆ ನೋಡುವ ಡಾಕ್ಟರಲ್ಲ, ಓದಿ ಆದವರು. ಊರಾಚೆ ಸಮುದ್ರಕ್ಕೆ ಮೂಗು ಚಾಚಿದ ಬಂಡೆ ಭೂಶಿರ ಒಂದಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅಲ್ಲಿ ತೊಣಚಿ ಪೆಟ್ರೆಲ್‌ಗಳ ಬಿಲಗಳು ಇದ್ದವಂತೆ. ಕತ್ತಲಲ್ಲಿ ಅವು ಕೂಗಿದರೆ ದೆವ್ವ ಎಂದು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆಮೇಲೆ ಹಡಗಿನಿಂದ ಇಳಿದ ಇಲಿ, ಇಲಿಯ ಹಿಂದೆ ಬೆಕ್ಕು, ಎರಡೂ ಸೇರಿ ಒಂದು ಮೊಟ್ಟೆಯನ್ನೂ ಉಳಿಸಲಿಲ್ಲ. ಡಾಕ್ಟರಮ್ಮ ಭೂಶಿರಕ್ಕೆ ಬೇಲಿ ಹಾಕಿಸಿ, ಇಲಿ ಬೆಕ್ಕು ಹೊರಗಟ್ಟಿಸಿ, ಮರದ ಪೆಟ್ಟಿಗೆಗಳನ್ನು ಹೂತು ಅವಕ್ಕೆ ಕೊಳವೆಯ ಬಾಗಿಲಿಟ್ಟು, ಹಕ್ಕಿಗಳಿಗೆಂದು ಬಾಡಿಗೆಯಿಲ್ಲದ ಮನೆಗಳನ್ನು ತಯಾರು ಮಾಡಿದ್ದರು. ಆದರೆ ಬಾಡಿಗೆ ಇಲ್ಲ ಎಂದ ಮಾತ್ರಕ್ಕೆ ಯಾರು ಬರುತ್ತಾರೆ? ಮನೆ ಹುಡುಕುವ ಎಳೆಯ ಪೆಟ್ರೆಲ್ ಕತ್ತಲಲ್ಲಿ ಮೇಲೆ ಹಾರುತ್ತಾ ಕೆಳಗೆ ಕಿವಿಗೊಡುತ್ತದಂತೆ. ತನ್ನವರ ಕೂಗು ಕೇಳಿದರೆ ಇಳಿಯುತ್ತದೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಬಿಡುತ್ತದೆ. ಅದಕ್ಕೇ ಅಲ್ಲೊಂದು ಸ್ಪೀಕರ್ ಇಟ್ಟು ಕೂಗು ಹಾಕಬೇಕಿತ್ತು. ಡಾಕ್ಟರಮ್ಮನ ಬಳಿ ಇದ್ದದ್ದು ಯಾರೋ ಯಾವುದೋ ಕಾಲದಲ್ಲಿ ಹಿಡಿದ ಟೇಪಿನ ಚೂರು. ಅದರಲ್ಲಿ ಹಕ್ಕಿಗಿಂತ ಗಾಳಿ ಹೆಚ್ಚು, ಗಾಳಿಗಿಂತ ಟೇಪು ಹಿಡಿದವನ ಕೆಮ್ಮು ಹೆಚ್ಚು.

ನಮ್ಮ ಸೌಂಡ್ ಎಂಜಿನಿಯರ್ ಅದನ್ನು ತೊಳೆದ, ಸೋಸಿದ, ಮತ್ತೆ ತೊಳೆದ. ಕೆಮ್ಮು ಹೋಯಿತು, ಜೊತೆಗೆ ಹಕ್ಕಿಯೂ ಹೋಯಿತು. ಆಗ ನಾನು ಎದ್ದು, ಇದಕ್ಕೆಲ್ಲ ಯಂತ್ರ ಯಾಕೆ, ನಾನು ಕೂಗಿದರೆ ಹಕ್ಕಿ ಅಲ್ಲ ಅದರ ಮುತ್ತಜ್ಜಿಯೂ ಬರುತ್ತಾಳೆ ಎಂದೆ. ಟೇಪಿನ ಚೂರನ್ನು ಎರಡು ಸಲ ಕೇಳಿದೆ. ದೀಪ ಆರಿಸಲು ಹೇಳಿದೆ, ಕತ್ತಲ ಕೂಗನ್ನು ಕತ್ತಲಲ್ಲೇ ಕೂಗಬೇಕು ಎಂಬುದು ನನ್ನ ಸಿದ್ಧಾಂತ. ಮೊದಲ ಕೂಗಿಗೆ ಗಾಜಿನಾಚೆಯಿಂದ ಎಂಜಿನಿಯರ್, ಮೇಕೆ ಚೆನ್ನಾಗಿ ಬಂತು ಎಂದ. ಎರಡನೆಯದಕ್ಕೆ, ಬಾಗಿಲ ತಿರುಗಣಿಗೆ ಎಣ್ಣೆ ಬೇಕು ಎಂದ. ನನ್ನ ಗಂಟಲು ಒಣಗಿತು. ನೀರಿಗೆ ತಡಕಾಡುತ್ತಿದ್ದಾಗ, ಮೂಲೆಯಲ್ಲಿ ತನ್ನ ಅಳುವಿನ ಸರದಿಗೆ ಕಾಯುತ್ತಾ ಕೂತಿದ್ದ ನನ್ನ ಹೆಂಡತಿ ಸುಮ್ಮನಿರಲಾರದೆ ಒಂದು ಸಲ ಕೂಗಿದಳು.

ಅದನ್ನು ಬರೆದು ತೋರಿಸುವುದು ನನ್ನಿಂದಾಗದು. ಮೊದಲು ಎದೆಯಾಳದಿಂದ ಒಂದು ಉದ್ದನೆಯ ನರಳು, ಅದು ಮೇಲೇರುತ್ತಾ ಹೋಗಿ, ತುದಿಯಲ್ಲಿ ಯಾರನ್ನೋ ಥಟ್ಟನೆ ಕಂಡ ಹಾಗೆ ಒಂದು ಚೂಪು. ನನ್ನ ತೋಳಿನ ಕೂದಲು ನಿಂತಿತು. ಅವಳು ಇನ್ನೂ ನಾಲ್ಕಾರು ಸಲ ಕೂಗಿದಳು, ಒಂದರ ಹಾಗೆ ಇನ್ನೊಂದಿಲ್ಲ.

ದೀಪ ಹತ್ತಿದಾಗ ಮೈಕಿನ ಮುಂದೆ ನಿಂತಿದ್ದವನು ನಾನು. ಗಾಜಿನಾಚೆ ಎಂಜಿನಿಯರ್ ಜೊತೆ ಕೂತಿದ್ದ ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆಗ ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ನನ್ನ ಬಾಯಿ ಮಾತ್ರ, ಇದೇನು ಮಹಾ ಬಿಡಿ ತಾಯಿ, ನಲವತ್ತು ವರ್ಷದ ಸಾಧನೆ ಎಂದುಬಿಟ್ಟಿತು. ಮೂಲೆಯಿಂದ “ನಾಲ್ಕು” ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಾನು ಏನೋ ಸಮಜಾಯಿಷಿ ತೊದಲಿದಾಗ ಅವಳು ನಕ್ಕಳು.

“ಇರ್ಲಿ ಬಿಡ್ರೀ. ಹಕ್ಕಿಗೆ ಬೇಕಾಗಿರೋದು ದನಿ, ಹೆಸರಲ್ಲ.”

ಮುಂದಿನ ಋತುವಿನಲ್ಲೇ ಹಕ್ಕಿ ಬಂತು. ಎಷ್ಟೋ ವರ್ಷ ಕಾದರೂ ಬಾರದ ಜಾತಿ ಇದು ಎಂದು ಡಾಕ್ಟರಮ್ಮ ಮೊದಲೇ ಹೆದರಿಸಿದ್ದರು. ಆದರೆ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿ, ಬೇಗ ಬನ್ನಿ ಎಂದಷ್ಟೇ ಹೇಳಿದರು. ನಾವಿಬ್ಬರೂ ಹೋದೆವು. ಸ್ಪೀಕರಿನ ಕೆಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ, ಒಳಗೆ ಬೂದಿ ಬಣ್ಣದ ಬೆನ್ನು, ಬಿಳಿ ಹಣೆ, ಕಪ್ಪು ಕಣ್ಣು. ಕಸ್ತೂರಿಗೂ ಎಣ್ಣೆಗೂ ನಡುವಿನ ಒಂದು ವಾಸನೆ ಮೂಗಿಗೆ ಬಡಿಯಿತು. ಆ ಹಕ್ಕಿ ಬಾಗಿಲ ಬಳಿ ಒಣಹುಲ್ಲಿನ ಎಳೆಗಳನ್ನು ತಂದು ಒಟ್ಟಿತ್ತು. ನಿಮ್ಮ ಕೂಗಿಗೇ ಬಂದಿದೆ ತಗಡಣ್ಣ, ರಾತ್ರಿಯೆಲ್ಲ ಸ್ಪೀಕರ್ ಕೂಗಿದ ಹಾಗೆಲ್ಲ ಉತ್ತರ ಕೊಟ್ಟಿದೆ, ಹುಲ್ಲು ತರುವುದೆಂದರೆ ಸಂಸಾರಕ್ಕೆ ಸಿದ್ಧ ಎಂದರ್ಥ ಎಂದರು ಡಾಕ್ಟರಮ್ಮ. ಹಾಗಾದರೆ ಇದು ನನ್ನ ಎರಡನೇ ಸಂಬಂಧ ಎಂದೆ ನಾನು. ನನ್ನ ಹೆಂಡತಿ ಬಗ್ಗಿ ನೋಡಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಅದಕ್ಕೆ ಮೊದಲು ಒಂದೆರಡು ಸಲ ಕಂಡಿರಬಹುದು.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಸತ್ತವರ ಮನೆಯಲ್ಲಿ ಕೂಡ ಹಕ್ಕಿ ನನ್ನನ್ನು ಮದುವೆಯಾಗಲು ಬಂದ ಕಥೆ ಹೇಳಿದೆ. ಹೇಳಿದಷ್ಟೂ ಸಮುದ್ರ ಅಗಲವಾಯಿತು, ಹಕ್ಕಿಯ ರೆಕ್ಕೆ ಉದ್ದವಾಯಿತು.

ಅದೇ ವರ್ಷ ನನ್ನ ಹೆಂಡತಿಯ ಗೊಗ್ಗರು ಹೆಚ್ಚಾಯಿತು. ಶೀತ ಎಂದುಕೊಂಡೆವು. ಶೀತವಲ್ಲ. ಗಂಟಲಿನ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ತೆಗೆದರು. ಅವಳು ಉಳಿದಳು. ಕುತ್ತಿಗೆಯಲ್ಲಿ ಉಸಿರಿಗೆಂದು ಮಾಡಿದ ಸಣ್ಣ ತೂತು, ಅದರ ಮೇಲೆ ಒಂದು ತೆಳು ಬಟ್ಟೆ. ಕೆಲವರಿಗೆ ಬೇರೆ ಬಗೆಯಲ್ಲಿ ಮಾತು ಕಲಿಸುತ್ತಾರಂತೆ, ಅವಳಿಗೆ ಅದು ಒಗ್ಗಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಅವಳು ಮತ್ತೆ ನನ್ನ ಮಾತಿನ ಗಾಳಿ ತೆಗೆಯಲು ಶುರುಮಾಡಿದಳು. ಕೈಗೆ ಸಿಕ್ಕಿದ್ದರ ಮೇಲೆ ಗೆಣ್ಣಿನಿಂದ ಟಕ್ ಎಂದು ಒಂದು ಪೆಟ್ಟು: ಸುಳ್ಳು. ಎರಡು ಪೆಟ್ಟು: ಹಸಿ ಸುಳ್ಳು. ನೆಂಟರು ನಕ್ಕರು, ಮನೆ ಮತ್ತೆ ಮನೆಯ ಹಾಗಾಯಿತು ಎಂದರು. ಹಕ್ಕಿಯ ಕಥೆ ಬಂದಾಗ ಮಾತ್ರ ಅವಳು ಗೆಣ್ಣು ಎತ್ತುತ್ತಿರಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಕಥೆಯನ್ನು ಬೇಗ ಬೇಗ ಮುಗಿಸುತ್ತಿದ್ದೆ.

ಒಂದು ದಿನ ಅವಳು ಹೊರಗೆ ಹೋಗಿದ್ದಾಗ ನನ್ನ ಕಪಾಟಿನ ಟೇಪುಗಳನ್ನೆಲ್ಲ ಕೆಳಗಿಳಿಸಿದೆ. ಬದುಕಿಡೀ ಶಬ್ದ ಹಿಡಿದವನು ನಾನು. ನನ್ನ ಕುದುರೆಗಳಿದ್ದವು, ನನ್ನ ಗುಡುಗುಗಳಿದ್ದವು, ನನ್ನ ಸೀನೇ ಇಪ್ಪತ್ತು ಬಗೆಯಲ್ಲಿತ್ತು. ಅವಳದೆಂದು ಇದ್ದದ್ದು ಮಕ್ಕಳ ಅಳು ಮಾತ್ರ. “ನೀರು ಕುಡಿದ್ರಾ”, “ಬಾಗಿಲು ಹಾಕಿ”, “ಹತ್ತು” ಇಂಥ ಒಂದು ಮಾತು ಕೂಡ ಎಲ್ಲೂ ಇಲ್ಲ. ದಿನವೂ ಕೇಳುವುದನ್ನು ಯಾರು ಹಿಡಿದಿಡುತ್ತಾರೆ ಹೇಳಿ. ಆ ಅಳುಗಳನ್ನೇ ಹಾಕಿಕೊಂಡು ಕೂತಿದ್ದೆ; ಅವಳು ಒಳಗೆ ಬಂದವಳು ಚಪ್ಪಲಿ ಬಿಡದೆ ನೇರ ಹೋಗಿ ಸ್ವಿಚ್ ಒತ್ತಿ ಅದನ್ನು ನಿಲ್ಲಿಸಿದಳು. ಮತ್ತೆ ಮನೆಯಲ್ಲಿ ಹಾಕಲಿಲ್ಲ.

ಭೂಶಿರದಲ್ಲಿ ಮಾತ್ರ ಅವಳ ದನಿ ಇತ್ತು. ಹಕ್ಕಿ ಪ್ರತಿ ವರ್ಷ ಅದೇ ಋತುವಿಗೆ, ಅದೇ ಪೆಟ್ಟಿಗೆಗೆ ಬರುತ್ತಿತ್ತು. ಉಳಿದ ತಿಂಗಳೆಲ್ಲ ಎಲ್ಲಿರುತ್ತಿತ್ತೋ, ಯಾವ ಬಿರುಗಾಳಿಯ ಬೆನ್ನ ಮೇಲೋ. ಬಂದ ಋತುವಿನಲ್ಲಿ ನಾನು ವಾರವಾರವೂ ಹೋಗಿ ಮುಸ್ಸಂಜೆಗೆ ಸ್ಪೀಕರಿನ ಕಂಬದ ಬುಡದಲ್ಲಿ ಕೂರುತ್ತಿದ್ದೆ. ನನ್ನ ಹೆಂಡತಿ ಜೊತೆಗೆ ಬಂದು, ಬೇಲಿಯಾಚೆ ಡಾಕ್ಟರಮ್ಮನ ಗುಡಿಸಲಲ್ಲಿ ಉಳಿಯುತ್ತಿದ್ದಳು, ಒಂದು ಸಲವೂ ಸ್ಪೀಕರಿನ ಹತ್ತಿರ ಸುಳಿಯಲಿಲ್ಲ. ಬೆಳಕು ಹೋದ ಮೇಲೆ ಕಂಬದಿಂದ ಅವಳು ಕೂಗುತ್ತಿದ್ದಳು. ಸಮುದ್ರದ ಕಡೆಯಿಂದ ಸಣ್ಣ, ಸ್ಪಷ್ಟ ದನಿಯೊಂದು ಓಗೊಡುತ್ತಿತ್ತು. ಮತ್ತೆ ಅವಳು, ಮತ್ತೆ ಅದು. ಬರುಬರುತ್ತಾ ಹತ್ತಿರವಾಗಿ, ಕೊನೆಗೆ ನನ್ನ ಕಾಲಿನ ಬಳಿ ಹುಲ್ಲಿನಲ್ಲಿ ಧೊಪ್ಪೆಂದು ಬಿದ್ದು ತೆವಳುತ್ತಾ ಒಳಗೆ ಹೋಗುತ್ತಿತ್ತು. ನನ್ನನ್ನು ಅದು ಕಲ್ಲು ಎಂದುಕೊಂಡಿರಬೇಕು. ಮೊಟ್ಟೆ ಮಾತ್ರ ಇಲ್ಲ, ಮರಿ ಇಲ್ಲ. ಪಾಪದ್ದು ವರ್ಷವರ್ಷವೂ ಹೊಸ ಹುಲ್ಲು ಹಾಸುತ್ತಿತ್ತು.

ಕಳೆದ ಋತುವಿನಲ್ಲಿ ಡಾಕ್ಟರಮ್ಮ ನಮ್ಮನ್ನು ಮಧ್ಯಾಹ್ನವೇ ಬರಹೇಳಿದರು. ಹಕ್ಕಿಯನ್ನು ಪೆಟ್ಟಿಗೆಯಿಂದ ತೆಗೆದು ರೆಕ್ಕೆ ಅಳೆಯುವುದಿತ್ತು, ಹಿಡಿದುಕೊಳ್ಳಲು ಮೆತ್ತಗಿನ ಕೈ ಬೇಕು ಎಂದು ನನ್ನ ಹೆಂಡತಿಯನ್ನು ಹುಲ್ಲಿನ ಮೇಲೆ ಕೂರಿಸಿದರು. ಹಕ್ಕಿ ಅವಳ ತೊಡೆಯ ಮೇಲೆ ಕೂತಿತ್ತು, ತಲೆಗೆ ಬಟ್ಟೆಯ ಚೀಲ. ಅಳತೆ ಮುಗಿಸಿ ಚೀಲ ತೆಗೆದ ಡಾಕ್ಟರಮ್ಮ ನನ್ನ ಕಡೆ ತಿರುಗಿ ತುಟಿ ಕಚ್ಚಿಕೊಂಡು ನಕ್ಕರು.

“ತಗಡಣ್ಣ, ಒಂದು ವಿಷಯ. ನಿಮ್ಮ ಮದುಮಗಳು ಗಂಡು.”

“ಹಾಗಂದ್ರೆ?”

“ಗಂಡು ಅಂದ್ರೆ ಗಂಡು. ಗರಿ ಪರೀಕ್ಷೆಗೆ ಕಳಿಸಿದ್ದೆ, ಉತ್ತರ ಬಂತು. ಮೀಸೆ ಒಂದು ಇಲ್ಲ ಅಷ್ಟೆ.”

ನಾನು ಸೋಲುವ ಪೈಕಿಯೇ? ಇರಲಿ ತಾಯಿ, ಒಳ್ಳೆ ದನಿಗೆ ಗಂಡು ಹೆಣ್ಣು ಭೇದವಿಲ್ಲ ಎಂದೆ. ಅವರು ನಗುತ್ತಲೇ ತಲೆ ಅಲ್ಲಾಡಿಸಿದರು. ಈ ಜಾತಿಯಲ್ಲಿ ಭೇದ ಇದೆ, ಗಂಡಿನ ಕೂಗು ಸಣ್ಣ, ಹೆಣ್ಣಿನದು ದಪ್ಪ, ಗೊಗ್ಗರು. ಗಂಡು ಓಗೊಡುವುದು ಹೆಣ್ಣಿನ ಕೂಗಿಗೆ ಮಾತ್ರ ಎಂದು ವಿವರಿಸಿದರು. ಆಮೇಲೆ ನಗು ನಿಲ್ಲಿಸಿದರು. ಹೋದ ವರ್ಷ ಎರಡು ನಿಜವಾದ ಹೆಣ್ಣುಗಳು ಇಲ್ಲಿ ಇಳಿದಿದ್ದವಂತೆ. ಇವನು ಅವುಗಳ ಕಡೆ ತಿರುಗಿಯೂ ನೋಡದೆ ಸ್ಪೀಕರಿನ ಕಡೆಗೇ ಮುಖ ಮಾಡಿ ಕೂತಿದ್ದನಂತೆ. ಅವು ಸ್ವಲ್ಪ ಹೊತ್ತು ಸುತ್ತಾಡಿ ಹೊರಟುಹೋದವು. ಈಗ ದೂರದ ದ್ವೀಪವೊಂದರಿಂದ ನಿಜವಾದ ಹಕ್ಕಿಗಳ ಹಿಂಡಿನ ಕೂಗು ಬಂದಿದೆ, ಇವತ್ತಿನಿಂದ ಅದನ್ನು ಹಾಕಿ ಹಳೆಯದನ್ನು ತೆಗೆಯಬೇಕು ಎಂದರು.

ಹಳೆಯದೂ ಅದರ ಜೊತೆಗೇ ಇರಲಿ ಎಂದೆ. ಅದು ಇರುವ ತನಕ ಇವನು ಬೇರೆ ಯಾರ ಕೂಗನ್ನೂ ಕೇಳುವುದಿಲ್ಲ ಎಂದರು. ಇನ್ನೊಂದೇ ವರ್ಷ ಎಂದೆ. ಇವನು ಆಗಲೇ ನಾಲ್ಕು ವರ್ಷ ಒಂದು ಡಬ್ಬಕ್ಕೆ ಹುಲ್ಲು ಹಾಸಿದ್ದಾನೆ ಅಣ್ಣ ಎಂದರು. ಮಾತಿಗೆ ಬೇರೆ ದಾರಿ ಸಿಗದೆ ನಾನು ನನ್ನ ಹಳೆಯ ಗುಡುಗಿಗೇ ಕೈ ಹಾಕಿದೆ. ದ್ವೀಪದ ಹಕ್ಕಿ ಯಾಕೆ, ನಾನೇ ಹೊಸದಾಗಿ ಕೂಗಿಕೊಡುತ್ತೇನೆ, ಗಂಡಿನ ಕೂಗು, ಹೆಣ್ಣಿನ ಕೂಗು, ಬೇಕಾದರೆ ಅತ್ತೆಯ ಕೂಗು; ಹಳೆಯದರ ನಡುವೆ ಬೆರೆಸಿಬಿಡಿ, ಇವನಿಗೆ ಗೊತ್ತೂ ಆಗುವುದಿಲ್ಲ ಎಂದೆ.

ಡಾಕ್ಟರಮ್ಮ ತಮ್ಮ ಹೆಗಲಚೀಲದಿಂದ ಸಣ್ಣ ಮೈಕು ತೆಗೆದು ನನ್ನ ಬಾಯಿಯ ಮುಂದೆ ಹಿಡಿದರು.

“ಸರಿ. ಮೊದಲು ಹಳೇದನ್ನೇ ಒಂದು ಸಲ ಕೂಗಿ. ಇವನು ಏನು ಮಾಡ್ತಾನೆ ನೋಡೋಣ.”

ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ನಾನು ಬಾಯಿಬಿಟ್ಟೆ. ಮೇಕೆ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಬಿಟ್ಟೆ, ಎಣ್ಣೆ ಇಲ್ಲದ ತಿರುಗಣಿ ಬಂತು. ವಯಸ್ಸಾಯಿತು ನೋಡಿ, ಗಾಳಿ ಬೇರೆ ಎದುರಿಗಿದೆ ಎಂದೆ. ಹಕ್ಕಿ ನನ್ನ ಕಡೆ ಕತ್ತು ತಿರುಗಿಸಲೂ ಇಲ್ಲ.

ಆಗ ನನ್ನ ಹೆಂಡತಿ ಹಕ್ಕಿಯ ಮೇಲೆ ಬಗ್ಗಿದಳು. ಅವಳ ಎದೆ ತುಂಬಿಕೊಂಡಿತು, ಕತ್ತು ನೀಳವಾಯಿತು, ತುಟಿ ಆ ಕೂಗಿನ ಆಕಾರಕ್ಕೆ ಬಂತು. ಆ ಹೊತ್ತು ನಾನು ನಿಜವಾಗಿ ಏನೋ ಬರುತ್ತದೆ ಎಂದು ನಂಬಿದೆ. ಕುತ್ತಿಗೆಯ ಬಟ್ಟೆ ಅದುರಿತು. ಉಸಿರು ಬಂತು, ಅಷ್ಟೆ. ಹಕ್ಕಿ ಕೊಕ್ಕು ಮುಂದೆ ಮಾಡಿ ಅವಳ ಹೆಬ್ಬೆರಳನ್ನು ಕಚ್ಚಿತು. ಯಾರ ದನಿಗೆ ನಾಲ್ಕು ವರ್ಷ ಸಮುದ್ರ ದಾಟಿ ಬಂದಿತ್ತೋ ಅವಳ ತೊಡೆಯ ಮೇಲೆ ಕೂತು, ಅವಳು ಯಾರೆಂದು ತಿಳಿಯದೆ, ರಕ್ತ ಬರುವ ಹಾಗೆ ಕಚ್ಚಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಡಾಕ್ಟರಮ್ಮನ ಕಣ್ಣು ಅವಳಿಂದ ನನಗೆ, ನನ್ನಿಂದ ಅವಳಿಗೆ ಹೋಯಿತು. ಮೈಕು ಕೆಳಗಿಳಿಯಿತು.

“ಅಣ್ಣ, ಸ್ಪೀಕರಲ್ಲಿರೋ ದನಿ ಯಾರದು?”

“ಅವಳದು,” ಎಂದೆ. “ನಾನು ಒಂದೂ ಕೂಗಿಲ್ಲ. ಅವಳ ದನಿ ಇನ್ನೆಲ್ಲೂ ಉಳಿದಿಲ್ಲಮ್ಮ. ಮನೇಲಿ ಹಾಕಿದ್ರೆ ಅದು ಸುಮ್ಮನೆ ಟೇಪು. ಇಲ್ಲಿ ಅದಕ್ಕೆ ಓ ಅನ್ನೋರು ಒಬ್ಬರಿದ್ರು.”

ಡಾಕ್ಟರಮ್ಮ ಅವಳ ಬೆರಳಿಗೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಕೂತು, ಇದನ್ನು ತೆಗೆಯುವುದೋ ಬಿಡುವುದೋ ನೀವು ಹೇಳಿ ಅಕ್ಕ, ನೀವು ಹೇಳಿದ ಹಾಗೆ ಎಂದರು. ನನ್ನ ಹೆಂಡತಿ ಹಕ್ಕಿಯನ್ನು ಕೊಳವೆಯ ಬಾಗಿಲಲ್ಲಿ ಇಳಿಸಿ, ಅದು ಒಳಗೆ ಸರಿಯುವ ತನಕ ನೋಡಿದಳು. ಜೀರುಂಡೆಯ ಹಾಗೆ ಗಾಳಿಯಲ್ಲಿ ಝುಂಯ್ಯೆನ್ನುತ್ತಿದ್ದ ಕಂಬದ ಹತ್ತಿರ ಮೊದಲ ಬಾರಿಗೆ ನಡೆದುಹೋಗಿ, ಸ್ಪೀಕರಿನ ತಂತಿಯನ್ನು ತಾನೇ ಕಿತ್ತಳು. ನನ್ನ ಕಡೆ ನೋಡಲಿಲ್ಲ. ಹುಲ್ಲು ಕೊಡವಿಕೊಂಡು ಗುಡಿಸಲಿಗೆ ಹೋದಳು.

ಹೊಸ ಕೂಗನ್ನು ಮರುದಿನದಿಂದ ಹಾಕುವುದೆಂದಾಯಿತು. ಆ ಸಂಜೆ ನಾನೊಬ್ಬನೇ ಕಂಬದ ಬುಡದಲ್ಲಿ ಕೂತೆ. ಬೆಳಕು ಇಳಿಯುತ್ತಲೇ ಹಕ್ಕಿ ಬಾಗಿಲಿಗೆ ಬಂದು ಕಾದಿತು. ಸ್ಪೀಕರ್ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಮೊದಲು ಕೂಗಿತು. ಕತ್ತು ಓರೆ ಮಾಡಿ ಕೇಳಿಸಿಕೊಂಡಿತು. ಮತ್ತೆ ಕೂಗಿತು. ಸಾವಿರ ಹಕ್ಕಿಯ ದನಿ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅದರ ಪಕ್ಕದಲ್ಲೇ ಬಾಯಿ ಮುಚ್ಚಿ ಕೂತಿದ್ದೆ. ಎಷ್ಟು ಸಲ ಕೂಗಿತು ಎಂದು ಲೆಕ್ಕ ಇಡಲಿಲ್ಲ.

ಡಾಕ್ಟರಮ್ಮನಿಗೆ ಅಂದು ಹೇಳಿದ್ದು ನಿಜ. ಆದರೆ ಪೂರ್ತಿ ನಿಜವಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇದಕ್ಕೆ ಉಪ್ಪು ಖಾರ ಹಚ್ಚಿಲ್ಲ. ಗಂಟಲಿನ ಆಪರೇಷನ್ ದಿನ ಬೆಳಿಗ್ಗೆ ಅವಳು ವಾರ್ಡಿನ ಒಳಗೆ ಮಂಚದ ಮೇಲಿದ್ದಳು, ನಾನು ಹೊರಗೆ ಬೆಂಚಿನ ಮೇಲಿದ್ದೆ. ಭಯವಾಗಿತ್ತು, ಭಯವಾದರೆ ನನಗೆ ಮಾತು ಹೆಚ್ಚು. ಪಕ್ಕದಲ್ಲಿ ಕೂತಿದ್ದ ಯಾರದೋ ಅಣ್ಣತಮ್ಮಂದಿರಿಗೆ ಹಕ್ಕಿ ನನ್ನನ್ನು ಮದುವೆಯಾಗಲು ಬಂದ ಕಥೆ ಹೇಳುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಮುಚ್ಚಳ ಎತ್ತುವ ಘಟ್ಟಕ್ಕೆ ಬಂದಿದ್ದೆ, ಅಷ್ಟರಲ್ಲಿ ಅವಳು ಒಳಗಿನಿಂದ ಕರೆದಳು. “ರೀ” ಎಂದು, ಒಂದೇ ಸಲ. ಇದೊಂದು ಮುಗಿಸಿ ಹೋಗೋಣ ಎಂದುಕೊಂಡೆ. ಮುಗಿಸಿ ಎದ್ದು ಹೋದಾಗ ಮಂಚ ಖಾಲಿಯಿತ್ತು, ಅವಳನ್ನು ಆಚೆಯ ಬಾಗಿಲಿನಿಂದ ಕರೆದುಕೊಂಡು ಹೋಗಿದ್ದರು. ಏನು ಹೇಳಬೇಕೆಂದಿದ್ದಳೋ. ಮನೆಗೆ ಬಂದ ಮೇಲೆ ಅವಳು ನನ್ನ ಕಿವಿಯನ್ನು ಮುಟ್ಟಿ, ಹುಬ್ಬು ಎತ್ತಿ ಕೇಳಿದಳು. ಹೊರಗೆ ತುಂಬ ಗದ್ದಲವಿತ್ತು ಕಣೇ, ನನಗೆ ಕೇಳಿಸಲೇ ಇಲ್ಲ ಎಂದೆ. ಅವಳು ನಂಬಿದಳು.

ಕೇಳಿಸಿತ್ತು.